ಮೆಟ್ಟಿಲ ದೀಪದಿಂದ ಆರಂಭಿಸಿ: ಸ್ಮಾರ್ಟ್ ಮನೆಯ ನಿಯಮಗಳನ್ನು ನೀವೇ ಬರೆಯುವುದು ಹೇಗೆ?

ಸ್ಮಾರ್ಟ್ ಬಲ್ಬನ್ನು ಮೊಬೈಲಿನಿಂದ ಹಚ್ಚಿ ಆರಿಸುವಲ್ಲಿಗೇ ನಿಲ್ಲುವುದಾದರೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಮೊಬೈಲ್ ಹುಡುಕಿ, ಆ್ಯಪ್ ತೆರೆದು, ಬೇಕಾದ ದೀಪವನ್ನು ಒತ್ತುವುದಕ್ಕಿಂತ ಗೋಡೆಯ ಸ್ವಿಚ್ ಹಾಕುವುದೇ ಸುಲಭ. ಯಾವ ದೀಪ ಯಾವಾಗ ಹತ್ತಬೇಕು, ಯಾವಾಗ ಆರಬೇಕು ಎಂಬುದನ್ನು ನಿಯಮವಾಗಿ ಬರೆದಿಟ್ಟು, ಆಮೇಲೆ ಅದರ ಗೊಡವೆಗೇ ಹೋಗಬೇಕಾಗದಂತೆ ಮಾಡಿಕೊಂಡಾಗಲೇ ಇಟ್ಟ ಹಣ ಸಾರ್ಥಕ. ಇಡೀ ಮನೆಯನ್ನು ಒಮ್ಮೆಲೇ ಕೈಗೆತ್ತಿಕೊಳ್ಳದೆ, ಮೆಟ್ಟಿಲ ಮೇಲಿನ ಒಂದೇ ಒಂದು ದೀಪದಿಂದ ಆರಂಭಿಸುವುದು ಒಳ್ಳೆಯದು. ಅಲ್ಲಿ ಎದುರಾಗುವ ತೊಡಕುಗಳೇ ಉಳಿದ ಕೋಣೆಗಳಲ್ಲೂ ಎದುರಾಗುತ್ತವೆ.

ಮೊದಲು ತೀರ್ಮಾನಿಸಬೇಕಾದದ್ದು ಸ್ಮಾರ್ಟ್ ಬಲ್ಬ್ ಹಾಕುವುದೋ, ಸ್ವಿಚ್ಚನ್ನೇ ಸ್ಮಾರ್ಟ್ ಮಾಡುವುದೋ ಎಂಬುದು. ಸ್ಮಾರ್ಟ್ ಬಲ್ಬಿಗೆ ಸದಾ ವಿದ್ಯುತ್ ಹರಿಯುತ್ತಿರಬೇಕು. ಮನೆಯವರಲ್ಲಿ ಯಾರಾದರೂ ರೂಢಿಯಂತೆ ಗೋಡೆಯ ಸ್ವಿಚ್ಚನ್ನು ಆಫ್ ಮಾಡಿಬಿಟ್ಟರೆ ಬಲ್ಬಿನ ಸಂಪರ್ಕವೇ ತಪ್ಪಿಹೋಗಿ ನಿಮ್ಮ ನಿಯಮಗಳೆಲ್ಲ ನಿಷ್ಫಲವಾಗುತ್ತವೆ. ಪ್ರಕಾಶವನ್ನು ಹೆಚ್ಚುಕಡಿಮೆ ಮಾಡುವ, ಇಲ್ಲವೇ ಬೆಳಕನ್ನು 2700 ಕೆಲ್ವಿನ್‌ನ ಹೊಂಬಣ್ಣದಿಂದ 6500 ಕೆಲ್ವಿನ್‌ನ ಬಿಳಿಗೆ ಬದಲಾಯಿಸುವ ಅಗತ್ಯವಿರುವ ಕಡೆ ಮಾತ್ರ ಸ್ಮಾರ್ಟ್ ಬಲ್ಬ್ ಹಾಕಿ, ಉಳಿದೆಡೆ ಸ್ವಿಚ್ ಪೆಟ್ಟಿಗೆಯೊಳಗೆ ಕೂರುವ ಚಿಕ್ಕ ರಿಲೇ ಮಾಡ್ಯೂಲ್ (ಆದೇಶ ಬಂದಾಗ ವಿದ್ಯುತ್ತನ್ನು ಹರಿಸುವ ಅಥವಾ ತಡೆಯುವ ಸಾಧನ) ಹಾಕಿಸುವುದು ಮೇಲೆಂಬುದು ನನ್ನ ಅಭಿಪ್ರಾಯ. ಇಂಥ ಮಾಡ್ಯೂಲ್‌ಗಳಲ್ಲಿ ಹಲವಕ್ಕೆ ನ್ಯೂಟ್ರಲ್ ತಂತಿ ಬೇಕಾಗುತ್ತದೆ. ಆ ತಂತಿ ನಿಮ್ಮ ಸ್ವಿಚ್ ಪೆಟ್ಟಿಗೆಯವರೆಗೆ ಬಂದಿದೆಯೇ ಎಂಬುದನ್ನು ಕೊಳ್ಳುವ ಮುನ್ನವೇ ಎಲೆಕ್ಟ್ರಿಷಿಯನ್ ಒಬ್ಬರಿಂದ ನೋಡಿಸಿಕೊಳ್ಳಿ, ಅಳವಡಿಕೆಯನ್ನೂ ಅವರಿಂದಲೇ ಮಾಡಿಸಿ.

ಎರಡನೆಯ ಪ್ರಶ್ನೆ, ನಿಯಮಗಳು ಎಲ್ಲಿ ಓಡಬೇಕು ಎಂಬುದು. ತಯಾರಕರ ಸರ್ವರ್‌ನಲ್ಲಿ ಓಡುವ ನಿಯಮ ಇಂಟರ್‌ನೆಟ್ ಹೋದೊಡನೆ ನಿಲ್ಲುತ್ತದೆ, ಮನೆಯೊಳಗಿನ ಕಂಪ್ಯೂಟರಿನಲ್ಲಿ ಓಡುವುದು ನಿಲ್ಲುವುದಿಲ್ಲ. 2013ರಲ್ಲಿ ಪೌಲಸ್ ಸ್ಕೌಟ್ಸೆನ್ ಆರಂಭಿಸಿದ ಹೋಮ್ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶ ಈ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ. ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರ್ ಅಥವಾ ಬಳಕೆ ತಪ್ಪಿದ ಚಿಕ್ಕ ಕಂಪ್ಯೂಟರ್ ಇದ್ದರೆ ಸಾಕು. ತಂತ್ರಾಂಶ ಸತತವಾಗಿ ದಾಖಲೆ ಬರೆಯುತ್ತಲೇ ಇರುವುದರಿಂದ ಮೆಮೊರಿ ಕಾರ್ಡಿಗಿಂತ ಎಸ್‌ಎಸ್‌ಡಿ ಎಂಬ ಸಂಗ್ರಹ ಸಾಧನ ಹೆಚ್ಚು ಬಾಳುತ್ತದೆ. ಸ್ಥಾಪನೆ ಮುಗಿದ ಬಳಿಕ ಅದೇ ನೆಟ್‌ವರ್ಕಿನ ಯಾವುದೇ ಬ್ರೌಸರ್‌ನಲ್ಲಿ ಆ ಕಂಪ್ಯೂಟರಿನ ವಿಳಾಸದೊಂದಿಗೆ 8123 ಎಂಬ ಪೋರ್ಟ್ ಸಂಖ್ಯೆ ಸೇರಿಸಿದರೆ ಅದರ ಪುಟ ತೆರೆದುಕೊಳ್ಳುತ್ತದೆ.

ಮುಂದಿನದು ಚಲನೆ, ಬೆಳಕುಗಳನ್ನು ಗುರುತಿಸುವ ಸೆನ್ಸರ್‌ಗಳ ಸಂಪರ್ಕ. ಬ್ಯಾಟರಿಯಿಂದ ನಡೆಯುವ ಸೆನ್ಸರ್‌ಗಳಿಗೆ ವೈಫೈಗಿಂತ ಕಡಿಮೆ ವಿದ್ಯುತ್ ಬಳಸುವ ಝಿಗ್‌ಬೀ ಎಂಬ ನಿಸ್ತಂತು ಸಂಪರ್ಕ ವಿಧಾನ ಸೂಕ್ತ. ಅದಕ್ಕೆ ಕಂಪ್ಯೂಟರಿಗೆ ಒಂದು ಝಿಗ್‌ಬೀ ಯುಎಸ್‌ಬಿ ಸ್ಟಿಕ್ ಸಿಕ್ಕಿಸಬೇಕು. ಝಿಗ್‌ಬೀ ಕೂಡ ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲೇ ಕೆಲಸ ಮಾಡುತ್ತದೆ, ಮತ್ತು ಯುಎಸ್‌ಬಿ 3 ಪೋರ್ಟ್‌ಗಳು ಇದೇ ಪಟ್ಟಿಯಲ್ಲಿ ಗದ್ದಲ ಎಬ್ಬಿಸುತ್ತವೆ. ಆದ್ದರಿಂದ ಸ್ಟಿಕ್ಕನ್ನು ನೇರವಾಗಿ ಸಿಕ್ಕಿಸದೆ ಒಂದು ಎಕ್ಸ್‌ಟೆನ್ಷನ್ ಕೇಬಲ್ ಮೂಲಕ ದೂರ ಇಡಿ; ಸೆನ್ಸರ್ ಆಗಾಗ ಕೈಕೊಡುವ ಎಷ್ಟೋ ಪ್ರಕರಣಗಳು ಇಷ್ಟರಿಂದಲೇ ಸರಿಹೋಗುತ್ತವೆ. ನೇರ ವಿದ್ಯುತ್ತಿನಲ್ಲಿ ನಡೆಯುವ ಝಿಗ್‌ಬೀ ಸಾಧನಗಳು ಸಾಮಾನ್ಯವಾಗಿ ಸಂದೇಶವನ್ನು ಮುಂದಿನವಕ್ಕೆ ದಾಟಿಸುತ್ತವೆ, ಬ್ಯಾಟರಿಯವು ದಾಟಿಸುವುದಿಲ್ಲ. ದೂರದ ಕೋಣೆಗೆ ಸಂಕೇತ ತಲಪದಿದ್ದರೆ ನಡುವೆ ಒಂದು ಸ್ಮಾರ್ಟ್ ಪ್ಲಗ್ ಇಡಿ.

ಇನ್ನು ನಿಯಮ. ಹೋಮ್ ಅಸಿಸ್ಟೆಂಟ್ ಇದನ್ನು ಆಟೊಮೇಷನ್ ಎಂದು ಕರೆಯುತ್ತದೆ. ಅದರಲ್ಲಿ ಮೂರು ಭಾಗಗಳಿರುತ್ತವೆ: ಕೆಲಸವನ್ನು ಎಬ್ಬಿಸುವ ಟ್ರಿಗರ್, ಮುಂದುವರಿಯಬಹುದೇ ಎಂದು ನೋಡುವ ಕಂಡಿಷನ್ (ಇದು ಐಚ್ಛಿಕ), ಮಾಡಬೇಕಾದದ್ದನ್ನು ಹೇಳುವ ಆ್ಯಕ್ಷನ್. ಪರದೆಯ ಮುಂದೆ ಕೂರುವ ಮೊದಲು ನಿಯಮವನ್ನು ಕಾಗದದ ಮೇಲೆ ಒಂದು ಪೂರ್ಣ ವಾಕ್ಯವಾಗಿ ಬರೆಯಿರಿ: “ಮೆಟ್ಟಿಲ ಬಳಿ ಚಲನೆ ಕಂಡಾಗ, ಬೆಳಕು 20 ಲಕ್ಸ್‌ಗಿಂತ ಕಡಿಮೆಯಿದ್ದರೆ, ದೀಪವನ್ನು ಶೇ 40ರಷ್ಟು ಪ್ರಕಾಶದಲ್ಲಿ ಹಚ್ಚು, ಚಲನೆ ನಿಂತು 2 ನಿಮಿಷವಾದ ಮೇಲೆ ಆರಿಸು.” ಲಕ್ಸ್ ಎಂಬುದು ಬೆಳಕಿನ ಅಳತೆಯ ಮಾನ. ದೀಪ ಹಚ್ಚುವ ಭಾಗ ಯಾರಿಗಾದರೂ ಸಲೀಸಾಗಿ ಬರುತ್ತದೆ. ಕಷ್ಟವೆಲ್ಲ ಇರುವುದು ಆರಿಸುವುದರಲ್ಲಿ.

ಆ ವಾಕ್ಯವನ್ನು ಹಾಗೆಯೇ ಪರದೆಗೆ ಇಳಿಸಿದರೆ ಮೊದಲ ತೊಡಕು ಎದುರಾಗುತ್ತದೆ. ಆಟೊಮೇಷನ್ ತಾನಾಗಿ ಆಯ್ದುಕೊಳ್ಳುವ ವಿಧಾನದ ಹೆಸರು ಸಿಂಗಲ್. ಒಂದು ಓಟ, ಅಂದರೆ ನಿಯಮದ ಒಂದು ಬಾರಿಯ ಚಾಲನೆ, ಮುಗಿಯುವ ತನಕ ಹೊಸ ಟ್ರಿಗರ್ ಬಂದರೂ ಅದು ಲೆಕ್ಕಿಸುವುದಿಲ್ಲ. ಹೀಗಾಗಿ ಎರಡು ನಿಮಿಷದ ಎಣಿಕೆ ನಡೆಯುತ್ತಿರುವಾಗ ಇನ್ನೊಬ್ಬರು ಮೆಟ್ಟಿಲು ಹತ್ತಿದರೂ ಹಳೆಯ ಎಣಿಕೆ ಮುಗಿದು, ಅವರು ನಡುದಾರಿಯಲ್ಲಿರುವಾಗಲೇ ಕತ್ತಲಾಗುತ್ತದೆ. ವಿಧಾನವನ್ನು ರೀಸ್ಟಾರ್ಟ್‌ಗೆ ಬದಲಿಸಿದರೆ ಪ್ರತಿ ಚಲನೆಗೂ ಎಣಿಕೆ ಮೊದಲಿನಿಂದ ಶುರುವಾಗಬೇಕು. ಆದರೂ ಆಗದೆ ಹೋಗಬಹುದು, ಏಕೆಂದರೆ ದೀಪ ಹತ್ತಿದೊಡನೆ ಬೆಳಕಿನ ಸೆನ್ಸರ್ ಆ ದೀಪದ ಬೆಳಕನ್ನೇ ಅಳೆದು 20 ಲಕ್ಸ್‌ಗಿಂತ ಹೆಚ್ಚು ತೋರಿಸುತ್ತದೆ. ಕಂಡಿಷನ್ ಸುಳ್ಳಾಗಿ, ಹೊಸ ಓಟ ಆರಂಭವಾಗುವುದೇ ಇಲ್ಲ. ಇದಕ್ಕೆ ಪರಿಹಾರ, ಕಂಡಿಷನ್ನನ್ನು “ಬೆಳಕು 20 ಲಕ್ಸ್‌ಗಿಂತ ಕಡಿಮೆಯಿರಬೇಕು, ಅಥವಾ ದೀಪ ಈಗಾಗಲೇ ಹತ್ತಿರಬೇಕು” ಎಂದು ತಿದ್ದುವುದು.

ಈ ತಿದ್ದುಪಡಿಗೂ ಒಂದು ಅಡ್ಡ ಪರಿಣಾಮವಿದೆ. ಮೆಟ್ಟಿಲು ಒರೆಸಲೆಂದು ಯಾರೋ ಕೈಯಾರೆ ಹಚ್ಚಿದ ದೀಪವನ್ನೂ ನಿಯಮ ತನ್ನ ವಶಕ್ಕೆ ತೆಗೆದುಕೊಂಡು ಎರಡು ನಿಮಿಷಕ್ಕೆ ಆರಿಸಿಬಿಡುತ್ತದೆ. ಮನುಷ್ಯರ ಕೈ ಕೊಟ್ಟ ಆದೇಶವನ್ನು ಯಂತ್ರ ಮೀರಬಾರದು. ಇದನ್ನು ಕಡೆಗಣಿಸಿದ ಮನೆಗಳಲ್ಲಿ ಉಳಿದವರಿಗೆ ಸ್ಮಾರ್ಟ್ ದೀಪವೆಂದರೇ ಬೇಸರ ಹುಟ್ಟುತ್ತದೆ. ಅದಕ್ಕಾಗಿ ಹೋಮ್ ಅಸಿಸ್ಟೆಂಟ್‌ನ ಹೆಲ್ಪರ್ ವಿಭಾಗದಲ್ಲಿ ಅರ್ಧ ಗಂಟೆಯ ಒಂದು ಟೈಮರ್ ರಚಿಸಿ, ಗೋಡೆಗೆ ಅಂಟಿಸಿದ ನಿಸ್ತಂತು ಗುಂಡಿಯನ್ನು ಒತ್ತಿದಾಗ ದೀಪ ಹತ್ತಿ ಟೈಮರ್ ಓಡತೊಡಗುವಂತೆ ಎರಡನೆಯ ನಿಯಮ ಬರೆಯಿರಿ. ಟೈಮರ್ ಓಡುತ್ತಿರುವಾಗ ಮೊದಲ ನಿಯಮ ತಟಸ್ಥವಾಗಿರಬೇಕು. ಈ ಪರೀಕ್ಷೆಯನ್ನು ಆರಂಭದ ಕಂಡಿಷನ್‌ನಲ್ಲಷ್ಟೇ ಅಲ್ಲದೆ ದೀಪ ಆರಿಸುವ ಹೆಜ್ಜೆಗೆ ತುಸು ಮುಂಚೆಯೂ ಸೇರಿಸಬೇಕು. ಇಲ್ಲದಿದ್ದರೆ ಗುಂಡಿ ಒತ್ತುವ ಮೊದಲೇ ಶುರುವಾಗಿದ್ದ ಓಟ ತನ್ನ ಎಣಿಕೆ ಮುಗಿಸಿ ದೀಪ ಆರಿಸುತ್ತದೆ. ಟೈಮರ್ ಮುಗಿದಾಗ ದೀಪ ಆರಿಸಲು ಚಿಕ್ಕದೊಂದು ಮೂರನೆಯ ನಿಯಮ ಸಾಕು.

ಮೆಟ್ಟಿಲಿಗೆ ಸಾಮಾನ್ಯ ಪಿಐಆರ್ ಸೆನ್ಸರ್ ಧಾರಾಳವಾಯಿತು. ಅದು ಗುರುತಿಸುವುದು ಮೈಶಾಖದ ಚಲನೆಯನ್ನೇ ಹೊರತು ಇರುವಿಕೆಯನ್ನಲ್ಲ. ಅಲುಗದೆ ಕುಳಿತು ಓದುವವರ ಕೋಣೆಗೆ ಮಿಲಿಮೀಟರ್ ವೇವ್ ರೇಡಾರ್ ಸೆನ್ಸರ್ ಬೇಕು.

ನಿಯಮ ಹೇಳಿದಂತೆ ನಡೆಯದಿದ್ದರೆ ಊಹೆಯಿಂದ ತಿದ್ದಲು ಹೋಗಬೇಡಿ. ಟ್ರೇಸ್ ಎಂಬ ಸೌಲಭ್ಯ ಪ್ರತಿ ಆಟೊಮೇಷನ್‌ನ ಕೊನೆಯ 5 ಓಟಗಳನ್ನು ಇಟ್ಟುಕೊಂಡಿದ್ದು, ಯಾವ ಕಂಡಿಷನ್‌ನಲ್ಲಿ ನಿಂತಿತು, ಆಗ ಸೆನ್ಸರ್ ಎಷ್ಟು ತೋರಿಸುತ್ತಿತ್ತು ಎಂಬುದನ್ನು ನಕ್ಷೆಯಾಗಿ ತೋರಿಸುತ್ತದೆ. ಯಾರೂ ಇಲ್ಲದಾಗ ದೀಪ ಹತ್ತುತ್ತಿದ್ದರೆ ಟ್ರಿಗರ್‌ನ ಹಿಂದಿನ ಸ್ಥಿತಿಯನ್ನು ನೋಡಿ: ಸಂಪರ್ಕ ತಪ್ಪಿದ್ದ ಸೆನ್ಸರ್ ಮರಳಿ ಬಂದದ್ದನ್ನೇ ನಿಯಮ ಹೊಸ ಚಲನೆಯೆಂದು ತಿಳಿದಿರಬಹುದು. ಟ್ರಿಗರ್‌ನಲ್ಲಿ “ಆಫ್‌ನಿಂದ ಆನ್‌ಗೆ” ಎಂದು ಸ್ಪಷ್ಟವಾಗಿ ನಮೂದಿಸಿದರೆ ಈ ತೊಂದರೆ ಇರುವುದಿಲ್ಲ.

ವಿದ್ಯುತ್ ಹೋಗಿ ಬಂದಾಗ ಏನಾಗಬೇಕೆಂಬುದನ್ನೂ ಬರೆದಿಡಬೇಕು. ಕಂಪ್ಯೂಟರ್ ಮರುಚಾಲನೆಯಾದರೆ ನಡುವೆ ಇದ್ದ ಎಣಿಕೆ ಅಳಿಸಿಹೋಗಿ ದೀಪ ರಾತ್ರಿಯಿಡೀ ಉರಿಯಬಹುದು. ಹೋಮ್ ಅಸಿಸ್ಟೆಂಟ್ ಆರಂಭವಾಗುವುದನ್ನೇ ಟ್ರಿಗರ್ ಮಾಡಿಕೊಂಡು, ಚಲನೆ ಇಲ್ಲದಿದ್ದರೆ ದೀಪ ಆರಿಸುವ ನಿಯಮ ಬರೆಯಿರಿ. ಬಲ್ಬಿಗೂ ವಿದ್ಯುತ್ ಮರಳಿದಾಗ ಹತ್ತಬೇಕೋ, ಹಿಂದಿನ ಸ್ಥಿತಿಗೇ ಹೋಗಬೇಕೋ ಎಂಬ ಆಯ್ಕೆಯಿದ್ದರೆ ಅದನ್ನೂ ಹೊಂದಿಸಿ. ದೀಪದಲ್ಲಿ ಪಳಗಿದ ಮೇಲೆ ಫ್ಯಾನು, ಕಿಟಕಿಯ ಪರದೆಗಳಿಗೆ ಇದೇ ಕ್ರಮವನ್ನು ಧೈರ್ಯವಾಗಿ ಬಳಸಬಹುದು. ಹೀಟರ್, ಇಸ್ತ್ರಿಪೆಟ್ಟಿಗೆಗಳಂಥ ಬಿಸಿಯಾಗುವ ಉಪಕರಣಗಳಿಗೆ ಮಾತ್ರ ಆರಿಸುವ ನಿಯಮಗಳನ್ನಷ್ಟೇ ಬರೆಯಿರಿ. ಹಚ್ಚುವ ಕೆಲಸ ಎದುರಿಗಿರುವ ಮನುಷ್ಯರ ಕೈಯಲ್ಲೇ ಇರಲಿ.