ಏರ್ ರೈಫಲ್‌ಗೆ ಪೆಲೆಟ್ ಆರಿಸುವುದು ಹೇಗೆ? ವೇಗದ ಲೆಕ್ಕ, ತಕ್ಕಡಿ, ತೊಗರಿಬೇಳೆ

ಹೊಸದಾಗಿ ಶೂಟಿಂಗ್ ಕಲಿಯಲು ಬರುವ ಹುಡುಗರದ್ದು ಒಂದೇ ಪ್ರಶ್ನೆ: "ಸರ್, ಯಾವ ಪೆಲೆಟ್ ಭಾಳ ಜೋರ್ ಹೋಗ್ತದ್ರಿ?" ಪೆಲೆಟ್ ಅಂದರೆ ಗಾಳಿಯ ಒತ್ತಡದಿಂದ ಹೊಡೆಯುವ ಏರ್ ರೈಫಲ್‌ನ ಪುಟ್ಟ ಸೀಸದ ಗುಂಡು. ಕಲಬುರಗಿಯಲ್ಲಿ 10 ಮೀಟರ್ ದೂರದ ಟಾರ್ಗೆಟ್‌ಗೆ ಏರ್ ರೈಫಲ್ ಹೊಡೆಯುವುದನ್ನು ಕಲಿಸುವ ನಾನು ಕೊಡುವ ಉತ್ತರ ಅವರಿಗೆ ಅಷ್ಟಾಗಿ ರುಚಿಸುವುದಿಲ್ಲ. ಎಷ್ಟು ಜೋರು ಅನ್ನೋದು ಆಮೇಲಿನ ಮಾತು. ಪ್ರತಿ ಸಲ ಅಷ್ಟೇ ಜೋರಾಗಿ ಹೋಗಬೇಕು, ಅದು ಮೊದಲು.

ಲೆಕ್ಕ ನೋಡಿ. ಸ್ಪರ್ಧೆಗೆ ಬಳಸುವ ಮ್ಯಾಚ್ ಪೆಲೆಟ್‌ನ ತೂಕ ಸುಮಾರು 0.53 ಗ್ರಾಂ. ಬ್ಯಾರೆಲ್ ಬಿಡುವಾಗ ಅದರ ವೇಗ ಸೆಕೆಂಡಿಗೆ 170 ಮೀಟರ್ ಆಸುಪಾಸು. ಇದಕ್ಕೇ ಮಝಲ್ ವೆಲಾಸಿಟಿ ಅನ್ನುವುದು. ಟಾರ್ಗೆಟ್ ಮುಟ್ಟುವಷ್ಟರಲ್ಲಿ ಪೆಲೆಟ್ ಸುಮಾರು 17 ಮಿ.ಮೀ. ಕೆಳಗಿಳಿದಿರುತ್ತದೆ. ಸೈಟ್ ಹೊಂದಿಸುವಾಗ ಅದನ್ನು ಸರಿ ಮಾಡಿಕೊಂಡಿರುತ್ತೇವೆ. ಮುಂದಿನ ಪೆಲೆಟ್ 175ರಲ್ಲಿ ಹೊರಟರೆ ಇಳಿಯುವುದು 16 ಮಿ.ಮೀ. ಒಂದು ಮಿ.ಮೀ. ತಾನೇ ಅಂತ ಸುಮ್ನಿರಬೇಡಿ. ಟಾರ್ಗೆಟ್‌ನ ಹತ್ತರ ಚುಕ್ಕಿಯೇ ಅರ್ಧ ಮಿ.ಮೀ. ಅಗಲ. 0.25 ಮಿ.ಮೀ. ಸರಿದರೆ 0.1 ಅಂಕ ಹೋಯಿತು. ಕೈ ಒಂಚೂರೂ ಅಲುಗದಿದ್ದರೂ ಪೂರ್ತಿ ಅಂಕ ಅಂದರೆ 10.9 ಬರಬೇಕಾದಲ್ಲಿ 10.5ರ ಹತ್ತಿರ ಬರುತ್ತದೆ.

ಈಗ ಒಂದು ಪೆಲೆಟ್ ಅಂಗೈಯಲ್ಲಿ ಇಟ್ಟು ಭೂತಗನ್ನಡಿ ಹಿಡಿಯಿರಿ. ಮುಂದೆ ಚಪ್ಪಟೆ ತಲೆ, ನಡುವೆ ಸಣ್ಣ ಸೊಂಟ, ಹಿಂದೆ ಒಳಗೆ ಪೊಳ್ಳಾದ ಸ್ಕರ್ಟ್. ಈ ಸ್ಕರ್ಟೇ ಮುಖ್ಯ. ಗಾಳಿ ಒಳಗೆ ನುಗ್ಗಿದಾಗ ಅದು ಅರಳಿ ಬ್ಯಾರೆಲ್ ಗೋಡೆಗೆ ಒತ್ತಿಕೊಳ್ಳುತ್ತದೆ, ಗಾಳಿ ಸೋರುವುದಿಲ್ಲ. ತೆಳು ಸ್ಕರ್ಟ್ ಬೇಗ ಅರಳುತ್ತದೆ, ಆದರೆ ಅಷ್ಟೇ ಬೇಗ ನೆಗ್ಗುತ್ತದೆ. ನೆಗ್ಗಿದ ಕಡೆ ಗಾಳಿ ಸೋರಿ ವೇಗ ಬಿತ್ತು ಅಂತಲೇ ತಿಳಿಯಿರಿ. ಪೆಲೆಟ್ ಡಬ್ಬಿ ಬೈಕಿನ ಡಿಕ್ಕಿಯಲ್ಲಿ ಜೇವರ್ಗಿಯಿಂದ ಗಡಗಡ ಅಂತ ಬಂದಿದ್ದರೆ ಅರ್ಧ ಸ್ಕರ್ಟ್‌ಗಳ ಕಥೆ ಅಲ್ಲಿಗೇ ಮುಗಿದಿರುತ್ತದೆ. ಮುಚ್ಚಳದ ಕೆಳಗೆ ಸ್ಪಂಜಿನ ತುಂಡು ಇಡಿ.

ತಲೆಯ ಅಳತೆಯನ್ನೂ ನೋಡಿ. ಒಳ್ಳೆಯ ಡಬ್ಬಿಗಳ ಮೇಲೆ 4.48, 4.49, 4.50 ಮಿ.ಮೀ. ಅಂತ ಬರೆದಿರುತ್ತದೆ. ಬಿಗಿ ಆದರೆ ಉಜ್ಜುವುದು ಜಾಸ್ತಿ, ಸಡಿಲ ಆದರೆ ಸೋರುವುದು ಜಾಸ್ತಿ. ನಿಮ್ಮ ಬ್ಯಾರೆಲ್‌ಗೆ ಯಾವುದು ಒಗ್ಗುತ್ತದೆ ಅಂತ ಹೊಡೆದು ನೋಡದೆ ಯಾರೂ ಹೇಳಲಾರರು, ಅಂಗಡಿಯವನಂತೂ ಅಲ್ಲ.

ಇನ್ನು ತೂಕ. ರೈಫಲ್ ಅಷ್ಟೇ ಶಕ್ತಿ ಕೊಟ್ಟರೆ 0.45 ಗ್ರಾಂ ಪೆಲೆಟ್ ಸೆಕೆಂಡಿಗೆ ಸುಮಾರು 184 ಮೀಟರ್‌ನಲ್ಲಿ, 0.68 ಗ್ರಾಂನದ್ದು 150ರಲ್ಲಿ ಹೊರಡಬೇಕು. ನಿಜವಾಗಿ ನೋಡಿದರೆ ಶಕ್ತಿಯೂ ಸ್ವಲ್ಪ ಬದಲಾಗುತ್ತದೆ. ಮೊದಲೇ ಗಾಳಿ ಒತ್ತಿ ತುಂಬಿದ ಸಿಲಿಂಡರ್ ಇರುವ ಪಿಸಿಪಿ ರೈಫಲ್‌ನಲ್ಲಿ ಭಾರದ ಪೆಲೆಟ್ ಬ್ಯಾರೆಲ್‌ನಲ್ಲಿ ಹೆಚ್ಚು ಹೊತ್ತು ಇರುತ್ತದೆ, ಗಾಳಿ ಹೆಚ್ಚು ಹೊತ್ತು ತಳ್ಳುತ್ತದೆ. ವೇಗ ಇಳಿದರೂ ಶಕ್ತಿ ಚೂರು ಏರುತ್ತದೆ. ಸ್ಪ್ರಿಂಗು ಪಿಸ್ಟನ್ ತಳ್ಳಿ ಗಾಳಿ ಒತ್ತುವ ಸ್ಪ್ರಿಂಗ್ ರೈಫಲ್‌ನಲ್ಲಿ ಸಾಮಾನ್ಯವಾಗಿ ಹಗುರ ಪೆಲೆಟ್‌ಗೆ ಲಾಭ. ಹಾಗಂತ ತೀರಾ ಹಗುರದ್ದು ಹಾಕಬೇಡಿ, ತಡೆಯುವ ಗಾಳಿ ಸಾಲದೆ ಪಿಸ್ಟನ್ ಹೋಗಿ ಢಬ್ ಅಂತ ಬಡಿಯುತ್ತದೆ.

ಚೂಪು ಮೂತಿಯ ಪೆಲೆಟ್ ಕಂಡರೆ ಹುಡುಗರಿಗೆ ಆಸೆ. ಮೂತಿಯ ಕೆಲಸ ಬ್ಯಾರೆಲ್ ಬಿಟ್ಟ ಮೇಲೆ, ಗಾಳಿಯಲ್ಲಿ. 10 ಮೀಟರ್‌ಗೆ ಅದರಿಂದ ಏನೂ ಸಿಗುವುದಿಲ್ಲ. ಚಪ್ಪಟೆ ತಲೆ ಕಾಗದದಲ್ಲಿ ಗುಂಡಗೆ ತೂತು ಕೊರೆಯುತ್ತದೆ, ಅಂಕ ಎಣಿಸಲು ಅದೇ ಬೇಕು.

ಪರೀಕ್ಷೆಗೆ ಬನ್ನಿ. ಪೆಲೆಟ್‌ಗಳನ್ನು ತಟ್ಟೆಯಲ್ಲಿ ಹರಡಿ, ಮನೆಯಲ್ಲಿ ತೊಗರಿಬೇಳೆ ಹಸನು ಮಾಡುತ್ತಾರಲ್ಲ, ಹಾಗೆ ನೆಗ್ಗಿದ್ದನ್ನೆಲ್ಲ ಆರಿಸಿ ತೆಗೆಯಿರಿ. ಉಳಿದದ್ದನ್ನು ತೂಗಿ. ಅಡುಗೆಮನೆ ತಕ್ಕಡಿ ಸಾಲದು, ಮಿಲಿಗ್ರಾಂ ತೋರಿಸುವುದು ಬೇಕು. ಸರಾಫ್ ಬಜಾರಿನಲ್ಲಿ ಬಂಗಾರ ತೂಗುವಂಥದ್ದು. 0.01 ಗ್ರಾಂಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಬೇರೆ ಡಬ್ಬಿಗೆ ಹಾಕಿ, ಅಭ್ಯಾಸಕ್ಕೆ ಆಗುತ್ತದೆ.

ಆಮೇಲೆ ಕ್ರೋನೋಗ್ರಾಫ್. ಎರಡು ಸೆನ್ಸರ್‌ಗಳ ನಡುವೆ ಪೆಲೆಟ್ ಹಾದುಹೋಗುವ ಹೊತ್ತು ಅಳೆದು ವೇಗ ತೋರಿಸುವ ಯಂತ್ರ. ಬ್ಯಾರೆಲ್ ಅದರ ನೇರಕ್ಕೇ ಇರಲಿ. ಟ್ಯೂಬ್‌ಲೈಟ್ ಮಿನುಗಿದರೆ ಕೆಲವು ಯಂತ್ರಗಳು ತಪ್ಪು ಅಂಕಿ ಕೊಡುತ್ತವೆ, ಹಗಲು ಬೆಳಕಲ್ಲಿ ಮಾಡಿ. ನಾಲ್ಕೈದು ಪೆಲೆಟ್ ಸುಮ್ನೆ ಹೊಡೆದು ಬ್ಯಾರೆಲ್ ಹದಕ್ಕೆ ಬಂದ ಮೇಲೆ, ಪ್ರತಿ ಡಬ್ಬಿಯಿಂದ ಹತ್ತು ಹೊಡೆದು ಅಂಕಿ ಬರೆದುಕೊಳ್ಳಿ. ಸರಾಸರಿ ಆಮೇಲೆ ನೋಡಿ. ಮೊದಲು ಅತಿ ಹೆಚ್ಚು, ಅತಿ ಕಡಿಮೆ ಇವೆರಡರ ನಡುವಿನ ಅಂತರ ನೋಡಿ. ಅದು 2 ಮೀಟರ್ ಒಳಗಿದ್ದರೆ ಟಾರ್ಗೆಟ್ ಮೇಲೆ 0.4 ಮಿ.ಮೀ. ಅಷ್ಟೇ ಆಯಿತು. ಅಂಥ ಡಬ್ಬಿ ಇಟ್ಟುಕೊಳ್ಳಿ. ಕೊನೆಗೆ ರೈಫಲ್ ಸ್ಟ್ಯಾಂಡಿಗೆ ಬಿಗಿದು 10 ಮೀಟರ್‌ನಲ್ಲಿ ಕಾಗದಕ್ಕೆ ಹೊಡೆಯಿರಿ. ಯಂತ್ರ ಒಂದು ಹೇಳಿ ಕಾಗದ ಇನ್ನೊಂದು ಹೇಳಿದರೆ ನಾನು ಕಾಗದದ ಮಾತು ಕೇಳುತ್ತೇನೆ.

ನಮ್ಮ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರು. 200 ಬಾರ್ ಒತ್ತಡದಲ್ಲಿ ಗಾಳಿ ತುಂಬಿದ ಸಿಲಿಂಡರನ್ನು ಕಾರಿನಲ್ಲಿ ಬಿಡಲೇಬೇಡಿ, ಬಿಸಿಯಾದರೆ ಒಳಗಿನ ಒತ್ತಡ ಏರುತ್ತದೆ. ಪ್ರತಿ ಹೊಡೆತಕ್ಕೂ ಒಂದೇ ಒತ್ತಡ ಕೊಡುವ ರೆಗ್ಯುಲೇಟರ್ ಇಲ್ಲದ ರೈಫಲ್ ಆದರೆ ಬೆಳಗಿನ ವೇಗ, ಮಧ್ಯಾಹ್ನದ ವೇಗ ಬೇರೆಬೇರೆ ಬರುತ್ತದೆ. ಎಲ್ಲ ಡಬ್ಬಿಗಳನ್ನೂ ಒಂದೇ ಹೊತ್ತಲ್ಲಿ ಪರೀಕ್ಷಿಸಿ.

ಹಿಂದುಗಡೆ ಬರೀ ಶಹಾಬಾದ್ ಕಲ್ಲಿನ ಗೋಡೆ ಇಟ್ಟುಕೊಂಡು ಹೊಡೆಯಬೇಡಿ, ಪೆಲೆಟ್ ಚಿಮ್ಮಿ ವಾಪಸ್ ಬರುತ್ತದೆ. ಪೆಲೆಟ್ ಟ್ರ್ಯಾಪ್, ಕಣ್ಣಿಗೆ ಕನ್ನಡಕ ಎರಡೂ ಬೇಕು. ಪೆಲೆಟ್ ಸೀಸದ್ದು, ಕೈ ತೊಳೆಯದೆ ಮಿರ್ಚಿ ಭಜಿಗೆ ಕೈ ಹಾಕಬೇಡಿ. ಇನ್ನು ಕಾನೂನು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಬ್ಯಾರೆಲ್‌ನ ಒಳ ಅಳತೆ 4.5 ಮಿ.ಮೀ. ಮತ್ತು ಶಕ್ತಿ 20 ಜೂಲ್ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ತೂಕವನ್ನು ಕಿಲೋಗ್ರಾಂನಲ್ಲಿ ಬರೆದು, ವೇಗದ ವರ್ಗದಿಂದ ಗುಣಿಸಿ, ಅರ್ಧ ಮಾಡಿದರೆ ಜೂಲ್ ಸಿಗುತ್ತದೆ. ನಮ್ಮ 0.53 ಗ್ರಾಂ ಪೆಲೆಟ್‌ದು 7.7 ಆಗುತ್ತದೆ.

ಹೊಂದುವ ಪೆಲೆಟ್ ಸಿಕ್ಕಿತಾ? ಡಬ್ಬಿಯ ಬ್ಯಾಚ್ ನಂಬರ್ ಬರೆದಿಟ್ಟುಕೊಂಡು ಅದೇ ಬ್ಯಾಚಿನ ನಾಲ್ಕಾರು ಡಬ್ಬಿ ಒಟ್ಟಿಗೆ ತರಿಸಿ. ಬ್ಯಾಚ್ ಬದಲಾದರೆ ಮತ್ತೆ ತಕ್ಕಡಿಯಿಂದಲೇ ಶುರು.