ಸೀಸದ ಮುದ್ರೆ ಸಿಕ್ಕಿತಾ? ಉಜ್ಜಬೇಡಿ, ಓರೆ ಬೆಳಕು ಹಿಡಿಯಿರಿ

ಇಂಗ್ಲೆಂಡಿನ ಉತ್ತ ಹೊಲಗಳಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಓಡಾಡುವವರಿಗೆ ನಾಣ್ಯದಗಲದ ಬೂದು ಬಿಲ್ಲೆಗಳು ಆಗಾಗ ಸಿಗುತ್ತವೆ. ಹಿಂದೆ ಬಟ್ಟೆಯ ಥಾನಿಗೋ ಸರಕಿನ ಮೂಟೆಗೋ ಹಾಕುತ್ತಿದ್ದ ಸೀಸದ ಮುದ್ರೆಗಳು ಇವು. ಮನೆಗೆ ತಂದ ಕೂಡಲೇ ತಂತಿ ಬ್ರಶ್ಶಿನಿಂದ ತಿಕ್ಕುವವರನ್ನು ನೋಡಿದ್ದೇನೆ. ಐದೇ ನಿಮಿಷಕ್ಕೆ ಬಿಲ್ಲೆ ಫಳಫಳ ಹೊಳೆಯುತ್ತದೆ, ಅಕ್ಷರ ಒಂದೂ ಉಳಿಯುವುದಿಲ್ಲ. ಹೊಟ್ಟೆ ಉರಿಯುತ್ತದೆ.

ಮೊದಲು, ಸಿಕ್ಕಿದ ಜಾಗ ಬರೆದಿಡಿ. ಮಣ್ಣು ತೆಗೆಯಲು ಸ್ವಲ್ಪ ನೀರು, ಮೆತ್ತನೆ ಬ್ರಶ್ಶು ಸಾಕು. ವಿನಿಗರ್ ಬೇಡವೇ ಬೇಡ, ಹುಳಿ ಸೀಸವನ್ನು ತಿನ್ನುತ್ತದೆ. ನಾಣ್ಯಕ್ಕೆಂದು ಮಾರುವ ಹೊಳಪಿನ ದ್ರಾವಣಗಳನ್ನೂ ದೂರ ಇಡಿ. ಮಡಚಿಕೊಂಡಿದ್ದರೆ ಬಿಡಿಸಲು ಹೋಗಬೇಡಿ. ಒಳಗೆ ಹಳೆಯ ಬಟ್ಟೆಯ ಎಳೆ ಸಿಕ್ಕಿಕೊಂಡಿರಬಹುದು. ಸೀಸ ವಿಷ, ಮುಟ್ಟಿದ ಮೇಲೆ ಕೈ ತೊಳೆಯಿರಿ.

ಆಮೇಲೆ ಆಕಾರ ನೋಡಿ. ಎರಡು ಬಿಲ್ಲೆಗಳ ನಡುವೆ ಸಣ್ಣ ಪಟ್ಟಿ ಇದ್ದರೆ ಅದು ಬಟ್ಟೆಯ ಮುದ್ರೆ. ಒಂದರ ಮೊಳೆಯನ್ನು ಬಟ್ಟೆಯಲ್ಲಿ ತೂರಿಸಿ, ಇನ್ನೊಂದರ ತೂತಿಗೆ ಸೇರಿಸಿ, ಅಚ್ಚು ಒತ್ತುತ್ತಿದ್ದರು. ನಾಲ್ಕು ಬಿಲ್ಲೆಯವೂ ಇವೆ. ಒಳಗೆ ದಾರ ಹೋಗುವ ಕೊರೆತ ಇದ್ದರೆ ಮೂಟೆಯದ್ದಿರಬಹುದು. ಒಂದು ಬದಿ ಪೀಟರ್ ಮತ್ತು ಪಾಲ್ ಸಂತರ ಮುಖ, ಇನ್ನೊಂದು ಬದಿ ಪೋಪ್ ಹೆಸರು ಇದ್ದರೆ ಅದು ವ್ಯಾಪಾರದ್ದೇ ಅಲ್ಲ, ಪೋಪ್ ಪತ್ರದ ಮುದ್ರೆ.

ಎಲ್ಲರೂ ಎಡವುವುದು ಓದುವಾಗ. ಮೇಲಿನಿಂದ ಬೆಳಕು ಬಿಟ್ಟರೆ ಸವೆದ ಅಕ್ಷರ ಮಾಯ. ಮೊಬೈಲ್ ಫ್ಲ್ಯಾಶ್ ಅಂತೂ ಬೇಡ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಮೇಜಿನ ಮೇಲೆ ಮಲಗಿಸಿ, ಬೆಳಕು ಬಿಲ್ಲೆಯ ಮೈ ಸವರಿಕೊಂಡು ಹೋಗುವಂತೆ ಇಡಿ. ಈಗ ಬಿಲ್ಲೆಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಎಂಟು ಫೋಟೊ ತೆಗೆಯಿರಿ. ಒಂದೇ ಸಾಲದಾ ಅಂತ ಕೇಳಬೇಡಿ. ಬೆಳಕಿನ ದಿಕ್ಕಿಗೇ ಮಲಗಿದ ಗೆರೆಗೆ ನೆರಳು ಬೀಳುವುದಿಲ್ಲ. ಇಂಗ್ಲಿಷಿನ ‘ಇ’ ಅಕ್ಷರದ ಮೂರು ಅಡ್ಡಗೆರೆ ಹಾಗೆ ಮರೆಯಾದರೆ ಅದು ‘ಐ’ ಅಂತ ಕಾಣುತ್ತದೆ! ಉಬ್ಬಿದ್ದು ತಗ್ಗಾಗಿ ಕಂಡರೆ ಫೋಟೊವನ್ನು ತಲೆಕೆಳಗು ಮಾಡಿ ನೋಡಿ. ಕಂಡಷ್ಟನ್ನು ಮಾತ್ರ ಕೈಯಾರೆ ಬರೆದುಕೊಳ್ಳಿ, ಉಳಿದದ್ದಕ್ಕೆ ಚುಕ್ಕಿ ಇಡಿ. ಊಹೆಯಿಂದ ತುಂಬಿಸಿದ ಒಂದೇ ಅಕ್ಷರ ಬೇರೆ ದೇಶಕ್ಕೇ ಕರೆದೊಯ್ಯುತ್ತದೆ.

ಹಿಂಬದಿಯನ್ನೂ ನೋಡಿ. ಸೀಸ ಮೆತ್ತಗಿರುವುದರಿಂದ ಎಷ್ಟೋ ಸಲ ಬಟ್ಟೆಯ ಹಾಸು ಹೊಕ್ಕಿನ ಗುರುತು ಹಾಗೇ ಮೂಡಿರುತ್ತದೆ.

ಇನ್ನು ಹೋಲಿಕೆ. ಕಿರೀಟ, ರಾಜಲಾಂಛನ ಇದ್ದರೆ ಉಣ್ಣೆ ಬಟ್ಟೆ ಪರೀಕ್ಷಿಸಿ ಸುಂಕ ಪಡೆಯುತ್ತಿದ್ದ ಅಧಿಕಾರಿಗಳದ್ದಿರಬಹುದು; ಆ ಪದ್ಧತಿ 1724ರಲ್ಲಿ ನಿಂತಿತು. ‘ಎ’ ಅಕ್ಷರ ಮತ್ತು ಪೈನ್ ಕಾಯಿ ಜೊತೆಗಿದ್ದರೆ ಜರ್ಮನಿಯ ಆಗ್ಸ್‌ಬರ್ಗ್‌ನ ಬಟ್ಟೆ. ‘ಎನ್’ ತಿರುಗಿಸಿ ಬರೆದಂತಿದ್ದರೆ ರಷ್ಯನ್ ಲಿಪಿ ಇರಬಹುದು, ಅಂದರೆ ಬಹುಶಃ ಅಗಸೆ ನಾರಿನ ಮೂಟೆ. ಕೊನೆಗೆ, ಜನರಿಗೆ ಸಿಕ್ಕ ಹಳೆಯ ವಸ್ತುಗಳನ್ನು ದಾಖಲಿಸುವ ಪೋರ್ಟಬಲ್ ಆ್ಯಂಟಿಕ್ವಿಟೀಸ್ ಸ್ಕೀಮ್‌ನ ಸ್ಥಳೀಯ ಅಧಿಕಾರಿಗೆ ತೋರಿಸಿ. ಅವರ ಆನ್‌ಲೈನ್ ದಾಖಲೆಯಲ್ಲೂ ಹುಡುಕಬಹುದು. ಫೋಟೊ ನೋಡಿ ಹೆಸರು ಹೇಳುವ ಆ್ಯಪ್‌ಗಳನ್ನು ನಾನು ನಂಬುವುದಿಲ್ಲ.

ಮುದ್ರೆಯನ್ನು ಒಣಗಿಸಿ ಪ್ಲಾಸ್ಟಿಕ್ ಚೀಲದಲ್ಲಿಡಿ. ಓಕ್ ಮರದ ಡ್ರಾಯರ್ ಬೇಡ. ಮರದಿಂದ ಬರುವ ಆಮ್ಲದ ಆವಿ ತಾಗಿದರೆ ಸೀಸ ಬಿಳಿ ಪುಡಿಯಾಗಿ ಉದುರುತ್ತದೆ.