ಶೋ ಜಂಪಿಂಗ್ ನೋಡುವುದು ಹೇಗೆ? ನಿಕ್ ಸ್ಕೆಲ್ಟನ್ ಅವರ ಒಂದು ಸುತ್ತಿನಿಂದ ಶುರು ಮಾಡಿ

ಒಲಿಂಪಿಕ್ಸ್ ಬಂದಾಗ ಟಿವಿಯಲ್ಲಿ ಕುದುರೆಗಳು ಬೇಲಿ ಹಾರುವುದನ್ನು ಎರಡು ನಿಮಿಷ ನೋಡಿ ಚಾನೆಲ್ ಬದಲಿಸುವವರೇ ಜಾಸ್ತಿ. ಎಲ್ಲ ಕುದುರೆಗಳೂ ಒಂದೇ ಥರ ಹಾರಿದ ಹಾಗೆ ಕಾಣುತ್ತದೆ, ಅಲ್ವಾ? ಕಣ್ಣು ಪಳಗಬೇಕು ಅಂದರೆ 2016ರ ರಿಯೊ ಒಲಿಂಪಿಕ್ಸ್‌ನ ವೈಯಕ್ತಿಕ ಜಂಪ್-ಆಫ್ ವಿಡಿಯೊ ಹುಡುಕಿ. ಬ್ರಿಟನ್ನಿನ ನಿಕ್ ಸ್ಕೆಲ್ಟನ್ ಮತ್ತು ಅವರ ಕುದುರೆ ಬಿಗ್ ಸ್ಟಾರ್, ಇವರ ಸುತ್ತು ಒಂದು ನಿಮಿಷವೂ ಇಲ್ಲ. ಅದನ್ನೇ ಮೂರ್ನಾಲ್ಕು ಸಲ ನೋಡಿ.

ನಿಯಮ ಸುಲಭ. ಬೇಲಿಯ ಒಂದು ಕೋಲು ಬಿದ್ದರೆ 4 ದಂಡದ ಅಂಕ. ಕುದುರೆ ಹಾರದೆ ನಿಂತರೂ 4. ಸವಾರ ಬಿದ್ದರೆ ಆಟ ಮುಗಿಯಿತು. ಕೋಲನ್ನು ಕಟ್ಟಿರುವುದಿಲ್ಲ, ಆಳವಿಲ್ಲದ ಬಟ್ಟಲಿನಂಥ ಆಧಾರದ ಮೇಲೆ ಸುಮ್ನೆ ಇಟ್ಟಿರುತ್ತಾರೆ, ಗೊರಸು ತಾಗಿಯೂ ಕೋಲು ಬೀಳದಿದ್ದರೆ ದಂಡವಿಲ್ಲ. ಮೊದಲ ಸ್ಥಾನಕ್ಕೆ ಸಮ ಬಂದವರು ಚಿಕ್ಕದು ಮಾಡಿದ ದಾರಿಯಲ್ಲಿ ಯಾರು ಬೇಗ ಮುಗಿಸುತ್ತಾರೆ ಎಂದು ಮತ್ತೆ ಓಡಬೇಕು. ಅದೇ ಜಂಪ್-ಆಫ್.

ಮೊದಲ ಸಲ ನೋಡುವಾಗ ಬೇಲಿ ಮರೆತುಬಿಡಿ, ಬೇಲಿಗಳ ನಡುವಿನ ಜಾಗ ನೋಡಿ. ಸವಾರನ ಕೆಲಸ ಇರುವುದೇ ಅಲ್ಲಿ. ಸ್ಪರ್ಧೆಗೆ ಮುಂಚೆ ಸವಾರರು ಮೈದಾನದಲ್ಲಿ ನಡೆದು ಹೆಜ್ಜೆಯಲ್ಲಿ ದೂರ ಅಳೆಯುತ್ತಾರೆ. ಕುದುರೆಯ ಒಂದು ದಾಪು ಸುಮಾರು 3.6 ಮೀಟರ್, ಅಂದರೆ ನಮ್ಮ ನಾಲ್ಕು ದೊಡ್ಡ ಹೆಜ್ಜೆ. ಎರಡು ಬೇಲಿಗಳ ನಡುವೆ 18 ಮೀಟರ್ ಇದ್ದರೆ, ಇಳಿಯಲು ಮತ್ತು ಮತ್ತೆ ನೆಗೆಯಲು ಸುಮಾರು 1.8 ಮೀಟರಿನಂತೆ ಬಿಟ್ಟು, ಉಳಿಯುವುದು ನಾಲ್ಕು ದಾಪು. ಆದರೆ ದಾರಿ ಹಾಕುವವರು ಬೇಕಂತಲೇ ಲೆಕ್ಕ ನಾಲ್ಕೂವರೆಗೆ ಬರುವ ಹಾಗೆ ಬೇಲಿ ಇಡುತ್ತಾರೆ. ಆಗ ದಾಪು ಹಿಗ್ಗಿಸಿ ನಾಲ್ಕರಲ್ಲಿ ಮುಗಿಸಬೇಕು, ಇಲ್ಲವೇ ಕುಗ್ಗಿಸಿ ಐದು ಮಾಡಬೇಕು, ಅದನ್ನೂ ನೆಲಕ್ಕೆ ಇಳಿದ ಕ್ಷಣದಲ್ಲೇ ತೀರ್ಮಾನಿಸಬೇಕು. ಬಾಯಲ್ಲೇ ಒಂದು, ಎರಡು, ಮೂರು ಎಂದು ಎಣಿಸುತ್ತಾ ನೋಡಿ. ಯಾರ ಲೆಕ್ಕ ತಪ್ಪಿತು ಅನ್ನುವುದು ಕೋಲು ಬೀಳುವ ಮುಂಚೆಯೇ ಗೊತ್ತಾಗಲು ಶುರುವಾಗುತ್ತದೆ.

ಎರಡನೇ ಸಲ ಕೈ ನೋಡಿ. ಕುದುರೆ ಮೇಲೇಳುವಾಗ ಕತ್ತು ಮುಂದೆ ಚಾಚುತ್ತದೆ, ಸ್ಕೆಲ್ಟನ್ ಕೈ ಅದರ ಜೊತೆಗೇ ಹೋಗುತ್ತದೆ, ಲಗಾಮು ಜಗ್ಗುವುದಿಲ್ಲ.

ಮೂರನೇ ಸಲ ನೋಡುವ ಮುಂಚೆ ಆ ಮನುಷ್ಯನ ಕಥೆ ತಿಳಿದುಕೊಳ್ಳಿ. ಹುಟ್ಟಿದ್ದು 1957ರಲ್ಲಿ, ಇಂಗ್ಲೆಂಡಿನ ವಾರಿಕ್‌ಶೈರ್‌ನಲ್ಲಿ. 1978ರಲ್ಲಿ ಲಾಸ್ಟಿಕ್ ಎಂಬ ಕುದುರೆಯ ಮೇಲೆ 2.3 ಮೀಟರಿಗೂ ಎತ್ತರ ಹಾರಿ ಬ್ರಿಟನ್ನಿನ ದಾಖಲೆ ಮಾಡಿದರು. 2000ದಲ್ಲಿ ಬಿದ್ದು ಕತ್ತಿನ ಮೂಳೆ ಮುರಿಯಿತು, ಮತ್ತೆ ಬಿದ್ದರೆ ಜೀವಕ್ಕೇ ಅಪಾಯ ಎಂದು ವೈದ್ಯರು ಹೇಳಿದರು, 2001ರಲ್ಲಿ ನಿವೃತ್ತಿಯೂ ಆಯಿತು. ಮರುವರ್ಷವೇ ಜೀನಿನ ಮೇಲೆ ವಾಪಸ್! ಆಮೇಲೆ ಸೊಂಟದ ಕೀಲು ಬದಲಿಸಿಕೊಂಡರು. 2012ರ ಲಂಡನ್‌ನಲ್ಲಿ ತಂಡಕ್ಕೆ ಚಿನ್ನ ಬಂತು, ವೈಯಕ್ತಿಕ ಸ್ಪರ್ಧೆಯಲ್ಲಿ ಮಾತ್ರ ಕೊನೆಯ ಸುತ್ತಿನ ಒಂದೇ ಕೋಲಿಗೆ ಪದಕ ತಪ್ಪಿತು. 2013ರಲ್ಲಿ ಬಿಗ್ ಸ್ಟಾರ್‌ಗೆ ಗಾಯವಾಯಿತು. ಐವತ್ತು ದಾಟಿದ ಸವಾರನಿಗೆ ಸಮಯ ಕಡಿಮೆ, ಆದರೂ ಅವಸರ ಮಾಡದೆ ಆ ಕುದುರೆಗಾಗಿ ಕಾದರು. ನನಗೆ ಅವರ ಬಗ್ಗೆ ಎಲ್ಲಕ್ಕಿಂತ ಹೆಚ್ಚು ಗೌರವ ಬಂದದ್ದು ಇದಕ್ಕೆ.

ಈಗ ರಿಯೊಗೆ ಬನ್ನಿ. ವಯಸ್ಸು 58, ಏಳನೇ ಒಲಿಂಪಿಕ್ಸ್. ಜಂಪ್-ಆಫ್‌ನಲ್ಲಿ ಆರು ಜನ, ಸ್ಕೆಲ್ಟನ್ ಮೊದಲಿಗರು. ಇದು ಕಷ್ಟದ ಸರದಿ, ಏಕೆಂದರೆ ಎಷ್ಟು ವೇಗ ಸಾಕು ಎಂದು ತಿಳಿಯಲು ಮುಂದೆ ಯಾರ ಸಮಯವೂ ಇಲ್ಲ. ಅವರು ಕುದುರೆಯನ್ನು ಸುಮ್ಮನೆ ಓಡಿಸಿ ಗೆಲ್ಲಲಿಲ್ಲ. ತಿರುವುಗಳನ್ನು ನೋಡಿ, ಗಾಳಿಯಲ್ಲಿರುವಾಗಲೇ ಕಣ್ಣು ಮುಂದಿನ ಬೇಲಿಯ ಕಡೆ ಹೋಗಿರುತ್ತದೆ. ಒಂದೂ ಕೋಲು ಬೀಳದೆ 42.82 ಸೆಕೆಂಡು, ಚಿನ್ನ. ಕೆನಡಾದ ಎರಿಕ್ ಲಾಮೇಜ್ 42.09ರಲ್ಲಿ ಇನ್ನೂ ಬೇಗ ಮುಗಿಸಿದರು, ಆದರೆ ಕೋಲೊಂದು ಬಿದ್ದು ಕಂಚಿಗಿಳಿದರು. ಸ್ವೀಡನ್ನಿನ ಪೆಡರ್ ಫ್ರೆಡ್ರಿಕ್ಸನ್ ಒಂದೂ ಕೋಲು ಬೀಳಿಸದೆ 43.35ರಲ್ಲಿ ಬಂದು ಬೆಳ್ಳಿ ಗೆದ್ದರು. ಸ್ಕೆಲ್ಟನ್ ಮತ್ತು ಬಿಗ್ ಸ್ಟಾರ್ 2017ರಲ್ಲಿ ಒಟ್ಟಿಗೇ ನಿವೃತ್ತರಾದರು.

ಇಷ್ಟು ಅಭ್ಯಾಸವಾದ ಮೇಲೆ ನಮ್ಮ ಬೆಂಗಳೂರಿನ ಫೌಆದ್ ಮಿರ್ಜಾ ಅವರ ಟೋಕಿಯೊ ಒಲಿಂಪಿಕ್ಸ್ ಸುತ್ತುಗಳನ್ನು ನೋಡಿ. ಅವರದು ಈವೆಂಟಿಂಗ್, ಅಂದರೆ ಒಂದೇ ಕುದುರೆಯ ಮೇಲೆ ಹಲವು ಪರೀಕ್ಷೆಗಳ ಸ್ಪರ್ಧೆ. ಅದರಲ್ಲಿ ಜಂಪಿಂಗ್ ಬರುವುದು ಕೊನೆಗೆ, ಕ್ರಾಸ್-ಕಂಟ್ರಿ, ಅಂದರೆ ಬಯಲಿನ ಅಡೆತಡೆಗಳ ದೂರದ ಓಟ, ಓಡಿ ಕುದುರೆ ದಣಿದ ಮೇಲೆ. ಸೆನ್ಯೋರ್ ಮೆಡಿಕಾಟ್ ಎಂಬ ಕುದುರೆಯೊಂದಿಗೆ ಫೈನಲ್ ತಲುಪಿ 23ನೇ ಸ್ಥಾನ ಪಡೆದರು. ಅಲ್ಲಿ ಎಣಿಕೆಯ ಜೊತೆಗೆ ಹಿಂಗಾಲುಗಳನ್ನೂ ಗಮನಿಸಿ. ದಣಿದ ಕುದುರೆಯ ಹಿಂಗಾಲು ಕೋಲಿಗೆ ತಾಗುವುದುಂಟು.